ರಬ್ಬರ್ ಉಜ್ಜಿದಾಗ ಬಂದ ಮೆಮೊರಿ

ಹಳಿಯಾಳದ ಕಂಪ್ಯೂಟರ್ ಅಂಗಡಿಯ ಹೆಣ್ಣುಮಗಳು ನನ್ನ ಲ್ಯಾಪ್‌ಟಾಪಿನ ಮೆಮೊರಿ ಪಟ್ಟಿಯನ್ನು ಕಳಚಿ, ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜತೊಡಗಿದಳು. ನನಗೆ ಗಾಬರಿಯಾಯಿತು. ಲ್ಯಾಪ್‌ಟಾಪ್ ತೀರಾ ನಿಧಾನವಾಗಿದೆ, ಇನ್ನಷ್ಟು ಮೆಮೊರಿ ಹಾಕಿಸೋಣವೆಂದು ನಮ್ಮೂರು ಸಾಂಬ್ರಾಣಿಯಿಂದ ಬಂದಿದ್ದೆ.

"ಹೊಸಾದು ಬ್ಯಾಡ್ರಿ ಸರ್. ಇದರಾಗ ಎರಡು ಪಟ್ಟಿ ಅದಾವ. ಒಂದು ಕಿಲುಬು ಹಿಡದು ಕೆಲಸಾ ಮಾಡವಲ್ದು," ಎಂದಳು.

ಉಜ್ಜಿ ಕೂರಿಸಿದ ಮೇಲೆ, 256 ಎಂಬಿ ಇದ್ದ ಮೆಮೊರಿಯನ್ನು ಪರದೆ 512 ಎಂಬಿ ಎಂದು ತೋರಿಸಿತು. ಆಕೆ ನಕ್ಕಳು. "ಭಾಳ ಉಜ್ಜಿದ್ರ ಹಾಳಿ ಹರೀತೈತಿ ಅಂತ ನಾಕನೇ ಕ್ಲಾಸಿನ್ಯಾಗ ನನಗ ಬೈತಿದ್ರಿ. ನೆನಪೈತೇನ್ರಿ?"

"ನೆನಪೈತಿ ಬಿಡವಾ," ಎಂದುಬಿಟ್ಟೆ.

ಲ್ಯಾಪ್‌ಟಾಪಿನ ಮೆಮೊರಿ ದುಪ್ಪಟ್ಟಾಗಿತ್ತು. ಆಕೆಯ ಹೆಸರು ಮಾತ್ರ ಸಾಂಬ್ರಾಣಿ ಮುಟ್ಟಿದರೂ ನನಗೆ ನೆನಪಾಗಲಿಲ್ಲ.