ಬೋಟಿನಲ್ಲಿ ನಮ್ಮ ಹೊಲಕ್ಕೆ

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನ್ನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಒಂದು. "ಒಮ್ಮೆ ಬೋಟಿನ್ಯಾಗ ಹೊಳಿ ಅಡ್ಡಾಡಿ ಬರೂಣ್ರಿ" ಅಂದಳು. ಕಾಶಿ ಬೇಡ, ಶ್ರೀಶೈಲ ಬೇಡ, ಬೋಟು! ನನಗೆ ನಗು ತಡೆಯಲಾಗಲಿಲ್ಲ. ಹೊಳೆದಂಡೆಯಲ್ಲೇ ಬಾಳುವೆ ಮಾಡಿದರೂ ಮೊಣಕಾಲಿಗಿಂತ ಮೇಲೆ ನೀರು ಬಂದರೆ ಚೀರುತ್ತಿದ್ದ ಹೆಂಗಸು ಇವಳು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗಲೂ ನಾನು ಬಿಡಲಿಲ್ಲ. "ಮುಳುಗಿದ್ರ ನನ್ನ ಹಿಡಕೋಬ್ಯಾಡ ಮತ್ತ, ಈಗ ನನ್ನ ಕೈಲೆ ಈಜಾಕ ಆಗೂದಿಲ್ಲ" ಎಂದು ಕಾಡಿಸಿದೆ. ಅವಳು ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು.

ಅನಗವಾಡಿಯ ದಂಡೆಯಲ್ಲಿ ಮೀನು ಹಿಡಿಯುವವನೊಬ್ಬನನ್ನು ಮೊದಲೇ ಗೊತ್ತು ಮಾಡಿದ್ದೆ. ಹಿಂದುಗಡೆ ಸಣ್ಣ ಇಂಜಿನ್ನು ಕಟ್ಟಿದ, ಮೀನಿನ ವಾಸನೆ ಹೊಡೆಯುವ ಬೋಟು ಅವನದು. ಅವಳನ್ನು ಹತ್ತಿಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. "ಎಲ್ಲಿತನ ಹೋಗೂಣ್ರಿ ಮಾಸ್ತರ?" ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಮುಳುಗಿದ ನಮ್ಮ ಹಳೇ ಊರಿಗೆ ನಡೀಪಾ. ಊರ ಮ್ಯಾಗ್ಗಡೆ ನಮ್ಮ ಹೊಲ ಐತಿ. ನೀರ ಇಳದಾವ, ಬೇವಿನ ಬಡ್ಡಿ ಕಾಣಾಕತ್ತೈತಂತ" ಅಂದಳು.

ಚೀಲದಲ್ಲಿ ಏನಿದೆ ಎಂದು ಆಗ ತಿಳಿಯಿತು. ಬುತ್ತಿಯಿರಬೇಕು ಎಂದುಕೊಂಡಿದ್ದೆ. ಬುತ್ತಿಯೇ, ಆದರೆ ನಮಗಲ್ಲ.

ನಮಗೆ ಒಬ್ಬಳು ಮಗಳಿದ್ದಳು. ಹಲ್ಲು ಬರುವ ಕಾಲಕ್ಕೆ ಜ್ವರ ಬಂದು, ಜಮಖಂಡಿಯ ದವಾಖಾನೆ ಮುಟ್ಟುವುದರೊಳಗೆ ನನ್ನ ತೊಡೆಯ ಮೇಲೆಯೇ ಹೋಗಿಬಿಟ್ಟಳು. ನಮ್ಮ ಮನೆತನದಲ್ಲಿ ಹಸುಗೂಸನ್ನು ಮಣ್ಣು ಮಾಡುವಾಗ ಹೆಂಗಸರು ಬರುವುದಿಲ್ಲ. ಮನೆ ಬಿಡುವಾಗ ಅವಳು ನನ್ನ ಅಂಗಿ ಹಿಡಿದು, "ನಮ್ಮ ಹೊಲದಾಗ ಬೇವಿನ ಬುಡಕ್ಕ ಇಡ್ರಿ. ನೆಳ್ಳ ಇರತೈತಿ, ನಾ ಹೋಗಿ ಬಂದ ಮಾಡತೇನಿ" ಅಂದಿದ್ದಳು. ಹೊಲದಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ಬೇವಿನ ಸುತ್ತಲೂ ಕಬ್ಬೇ. ಅಣ್ಣ ಬದುವಿನ ಮೇಲೆ ನಿಂತು, "ನಾಡಿದ್ದ ಕಟಾವಿಗೆ ಗ್ಯಾಂಗ್ ಬರತೈತಿ. ನಿಂತ ಬೆಳಿ ತುಳದ ಹ್ಯಾಂಗ ಹೋಗೂದ? ಹೊಳಿ ದಂಡ್ಯಾಗ ಮಾಡೂಣ ನಡಿ" ಅಂದ. ಅಣ್ಣನಿಗೆ ಎದುರು ಮಾತಾಡುವ ಧೈರ್ಯ ನನಗೆ ಎಂದೂ ಇರಲಿಲ್ಲ. ಕೂಸು ನನ್ನ ಕೈಯಲ್ಲೇ ಇತ್ತು, ಹೊಲ ನನ್ನದೂ ಆಗಿತ್ತು. ಆದರೂ ಅವನ ಹಿಂದೆ ದನದ ಹಾಗೆ ನಡೆದೆ.

ತಿರುಗಿ ಬಂದಾಗ ಅವಳು ಬಾಗಿಲಲ್ಲೇ ಕೂತಿದ್ದಳು. "ಬೇವಿನ ಬುಡಕ್ಕ ಇಟ್ಟಿರಿಲ್ಲೋ?" ಎಂದು ಕೇಳಿದಳು. ನಾನು "ಹೂಂ" ಅಂದೆ. ಸ್ವಲ್ಪ ದಿನ ಹೋಗಲಿ, ಹೇಳಿದರಾಯಿತು ಎಂದುಕೊಂಡಿದ್ದೆ. ಕಬ್ಬು ಕಡಿದಾದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಅವಳು ಹಾಲನ್ನ ಕಟ್ಟಿಕೊಂಡು ಹೊರಟೇಬಿಟ್ಟಳು. ಬೇವಿನ ಬುಡ ಸಾರಿಸಿ, ಎಡೆ ಇಟ್ಟು, ಮನೆಯ ಸುದ್ದಿಯನ್ನೆಲ್ಲ ಹೇಳಿ ಬಂದಳು. ಎಮ್ಮೆ ಕರು ಹಾಕಿದ್ದು, ಮಳೆ ತಪ್ಪಿದ್ದು, ಬಳಿಕ ಮಗ ಹುಟ್ಟಿದ್ದು, ಎಲ್ಲವನ್ನೂ ಆ ಗಿಡಕ್ಕೆ ಹೇಳುತ್ತಿದ್ದಳು. ಎಷ್ಟೋ ಸಲ ಪಕ್ಕದಲ್ಲಿ ನಾನೂ ಕೈ ಮುಗಿದು ನಿಂತಿದ್ದೇನೆ. ಆಣೆಕಟ್ಟಿನ ನೀರು ಬಂದು ಊರು ಬಿಡುವ ತನಕ ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ. ಹೊಲ ಮುಳುಗಿದ ದಿನ ಅವಳು ಗೋಳಾಡಿ ಅತ್ತಳು. ಇನ್ನು ಹೇಳುವ ಅಗತ್ಯ ಬೀಳಲಿಕ್ಕಿಲ್ಲ ಎಂದು ನನಗೆ ಒಳಗೊಳಗೆ ಹಾಯೆನಿಸಿತ್ತು. ಇಂಥ ಗಂಡಸು ನಾನು.

ಬೋಟು ಹಳೆಯ ಊರಿನ ಮೇಲೆ ಬಂತು. ಬಿಸಿಲಿಗೆ ನೀರಿನ ಝಳ ಮುಖಕ್ಕೆ ಹೊಡೆಯುತ್ತಿತ್ತು. ಅಲ್ಲಲ್ಲಿ ಒಣಗಿದ ಜಾಲಿಯ ತುದಿ, ಒಂದು ಕರೆಂಟಿನ ಕಂಬ, ನಾನು ಮೊದಲು ಪಾಠ ಮಾಡಿದ ಶಾಲೆಯ ಮೋಟುಗೋಡೆ ಕಾಣುತ್ತಿದ್ದವು. ತಳದ ತಂತಿಬೇಲಿಗೆ ಸಿಕ್ಕೀತೆಂದು ಮೀನಿನವನು ಇಂಜಿನ್ನು ಎತ್ತಿ, ಹುಟ್ಟು ಹಾಕತೊಡಗಿದ. ಅವಳು ಬೆರಳು ತೋರಿಸಿದ ಕಡೆ ಮೊಳದುದ್ದದ ಕಪ್ಪು ಮೋಟು, ಬೇವಿನ ಬಡ್ಡಿಯೊಂದು, ನೀರಿನ ಮೇಲೆ ಎದ್ದಿತ್ತು.

ಅವನು ಬೋಟನ್ನು ಅದಕ್ಕೆ ತಾಗಿಸಿ ನಿಲ್ಲಿಸಿದ. ಅವಳು ಬಡ್ಡಿಯನ್ನು ಸವರಿ, "ಬಂದೇನವಾ" ಅಂದಳು. ಡಬ್ಬಿ ಬಿಚ್ಚಿ ಹಾಲನ್ನವನ್ನು ಮುಷ್ಟಿ ಮುಷ್ಟಿಯಾಗಿ ನೀರಿಗೆ ಬಿಟ್ಟಳು. ಮಗನ ಮದುವೆಯ ಸುದ್ದಿ ಹೇಳಿದಳು, ಮೊಮ್ಮಗಳ ಸುದ್ದಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವೂ ಒಂದ ಮಾತ ಆಡ್ರಿ ಆಕಿ ಜೋಡಿ. ಒಂದ ದಿನಾನೂ ಆಡಿಲ್ಲ ನೀವು. ಮುಂದಿನ ವರ್ಷ ನಾವ್ ಇರತೇವಿಲ್ಲೋ."

ಆಡಿಬಿಡಬಹುದಿತ್ತು. ಅಷ್ಟು ವರ್ಷ ಕೈ ಮುಗಿದವನಿಗೆ ಇನ್ನೊಂದು ಮಾತು ಹೆಚ್ಚಾಗುತ್ತಿರಲಿಲ್ಲ. ಆದರೆ ಆ ಬಡ್ಡಿಯನ್ನು "ಮಗಳೇ" ಎಂದು ಕರೆಯಲು ನಾಲಿಗೆ ಏಳಲಿಲ್ಲ. "ಆಕಿ ಇಲ್ಲಿಲ್ಲ" ಅಂದೆ. ಕಬ್ಬು, ಅಣ್ಣ, ದಂಡೆ, ಎಲ್ಲವನ್ನೂ ಹೇಳಿದೆ. ಮೀನಿನವನು ಮುಖ ಆ ಕಡೆ ತಿರುಗಿಸಿ ಕೂತ.

ಅವಳು ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು. ಡಬ್ಬಿಯಲ್ಲಿ ಉಳಿದ ಅನ್ನಕ್ಕೆ ಮುಚ್ಚಳ ಹಾಕಿ, "ಎಲ್ಲೈತಿ ಆ ದಂಡಿ? ತೋರಸ್ರಿ" ಅಂದಳು.

ಮೀನಿನವನು ಇಂಜಿನ್ನು ಹಚ್ಚಿದ. ನಾನು ಆ ಕಡೆ ಅಂದೆ, ಹೋದ. ಇನ್ನಷ್ಟು ಎಡಕ್ಕೆ ಅಂದೆ, ತಿರುಗಿಸಿದ. "ಇಲ್ಲೇನ್ರಿ?" ಎಂದು ಅವಳು ಕೇಳುತ್ತಲೇ ಇದ್ದಳು. ಗುರುತಿಗೆ ಗಿಡವಿಲ್ಲ, ಬಂಡೆಯಿಲ್ಲ, ಎತ್ತ ನೋಡಿದರೂ ಅದೇ ನೀರು. ಕೊನೆಗೆ ಅವನು ಇಂಜಿನ್ನು ಆರಿಸಿ, "ಹಳೇ ಹೊಳಿ ಇಲ್ಲೇ ಎಲ್ಲೋ ಹರೀತಿತ್ರಿ ಅಕ್ಕಾರ. ಈಗ ಆಳ ಭಾಳ ಐತಿ. ದಂಡಿ ಯಾವದಂತ ಯಾರಿಗೂ ಹೇಳಾಕ ಆಗೂದಿಲ್ಲ" ಅಂದ.

ಅವಳು ಉಳಿದ ಅನ್ನವನ್ನು ಅಲ್ಲಿ ಬಿಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ಮಣ್ಣ ಮಾಡಿ ಬಂದ ಮ್ಯಾಲೆ ನೀವು ಒಮ್ಮೆರೆ ಅಲ್ಲಿಗೆ ಹೋಗಿದ್ರೇನ್ರಿ?"

"ಇಲ್ಲ."

"ನಿಮ್ಮಣ್ಣ?"

"ಅಂವಾನೂ ಇಲ್ಲ."

"ಹಂಗಾರ ನನ್ನ ಕೂಸಿನ ಕಡೆ ಒಬ್ಬರೂ ಹೋಗಿಲ್ಲ" ಅಂದಳು.