ಬೆಲ್ಲ ಬೀಳದ ಬೇವು

ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಬಿಟ್ಟೆ. ಬಾಗಿಲಿಗೆ ಮಾವಿನೆಲೆ ಕಟ್ಟಿದೆ. ಎಲ್ಲರ ತಲೆಗೆ ಎಣ್ಣೆ ಒತ್ತಿ ಎರೆದಾಯಿತು. ಹೂರಣಕ್ಕೆ ಬೇಳೆ ಕುದಿಯಲಿಟ್ಟೆ. ಹೊಸ ಗಡಿಗೆ ತೊಳೆದು, ವಿಭೂತಿ ಬಳಿದು, ಸೊಸೆಯ ಮುಂದಿಟ್ಟೆ.

ನಮ್ಮ ಜಹೀರಾಬಾದ್ ಕಡೆ ಯುಗಾದಿಯ ಬೇವು ತಿನ್ನುವುದಲ್ಲ, ಕುಡಿಯುವುದು. ಹುಣಸಿನೀರಿಗೆ ಬೆಲ್ಲದ ನೀರು ಕೂಡಿಸಿ, ಬೇವಿನ ಹೂವು, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಉತ್ತತ್ತಿ ಚೂರು ಹಾಕಿ ಗಡಿಗೆಯಲ್ಲಿ ತಣ್ಣಗಿಡುತ್ತೇವೆ. ದೇವರಿಗೆ ಎಡೆ ಆಗುವ ತನಕ ಮಾಡಿದವರೂ ರುಚಿ ನೋಡುವಂತಿಲ್ಲ. ಆಮೇಲೆ ಓಣಿಯವರೆಲ್ಲ ಕುಡಿಯಲು ಬರುತ್ತಾರೆ.

ಸೊಸೆ ನಾರಾಯಣಖೇಡದವಳು. ಲಗ್ನವಾದ ಮೇಲೆ ಇದು ಮೊದಲ ಯುಗಾದಿ. ಒಳ್ಳೆಯ ಹುಡುಗಿ, ಆದರೆ ಇನ್ನೂ ಬೀಗರ ಮನೆಗೆ ಬಂದವಳ ಹಾಗೆ ಇರುತ್ತಾಳೆ. ಚಮಚ ಬೇಕಾದರೂ "ತಗೊಳ್ಳಲೇನ್ರಿ ಅತ್ತಿ?" ಎಂದು ಕೇಳುತ್ತಾಳೆ. ಮಧ್ಯಾಹ್ನ ನಾವೆಲ್ಲ ಅಡ್ಡಾದರೂ ಗೋಡೆಗೆ ಒರಗಿ ಕೂತೇ ಇರುತ್ತಾಳೆ. ಅವಳ ಕೈಯ ಬೇವನ್ನು ಓಣಿ ಕುಡಿದರೆ ಈ ಮನೆ ತನ್ನದು ಅನ್ನಿಸೀತು ಎಂದು ನನ್ನ ಆಸೆ.

"ಕೆಟ್ಟರ ಹ್ಯಾಂಗ್ರಿ ಅತ್ತಿ?"

"ಕೆಡಾಕ ಅದ್ರಾಗ ಏನದ? ಮಾಡು."

ನಾನು ಹೋಳಿಗೆ ಬೇಯಿಸುತ್ತಿದ್ದೆ, ಅವಳು ಸೋಸಿದಳು, ಕಲಸಿದಳು. ಎಡೆ ಆಯಿತು. ಮೊದಲ ಗ್ಲಾಸು ನಮ್ಮ ಯಜಮಾನರಿಗೆ ಕೊಟ್ಟು, ಅವರ ಮಾರಿಯನ್ನೇ ನೋಡುತ್ತ ನಿಂತಳು. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಉಳಿದದ್ದನ್ನೂ ಕುಡಿದು ಮುಗಿಸಿ, "ಚಲೋ ಆಗ್ಯಾದ ಯವ್ವಾ. ಇನ್ನೊಂದು ಕೊಡು" ಎಂದರು. ಹುಡುಗಿ ಅರಳಿಬಿಟ್ಟಳು.

ಅಷ್ಟರಲ್ಲಿ ಮಗ ತನ್ನ ಗ್ಲಾಸು ಬಾಯಿಗಿಟ್ಟು ಬಚ್ಚಲಿಗೆ ಓಡಿದ. "ಇದೇನ್ ಕಷಾಯ ಏನು? ಬೆಲ್ಲ ಎಲ್ಲದ?"

ಸೊಸೆಯ ಮುಖ ಸಣ್ಣದಾಯಿತು. ನಾನು ಒಳಗೆ ಹೋಗಿ ನೋಡಿದೆ. ಸಾರಿಗೆಂದು ತೆಗೆದಿಟ್ಟ ಹುಣಸಿನೀರಿನ ಬೋಗೋಣಿ ಖಾಲಿ; ಬೆಲ್ಲದ ನೀರಿನ ಬೋಗೋಣಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಎರಡೂ ಒಂದೇ ಅಳತೆಯವು, ಎರಡರಲ್ಲೂ ಕಂದು ನೀರು. ಹುಣಸಿಗೆ ಹುಣಸಿಯೇ ಬಿದ್ದಿತ್ತು!

ಅವಳ ಕಣ್ಣು ತುಂಬಿದವು. "ಮಾವಾರ, ಚಲೋ ಆಗ್ಯಾದ ಅಂದ್ರಲ್ರಿ?"

"ನೀ ಹಂಗ ನೋಡಾಕತ್ತಿದ್ದಿ, ಇನ್ನೇನ್ ಅನ್ಲಿ? ಎರಡನೇ ಗ್ಲಾಸ್ ಬ್ಯಾರೆ ಕೇಳಿ ಸಿಕ್ಕೊಂಡೆ. ನನ್ನದು ಬಿಡು, ಒಳಗ ದೇವರು ಇನ್ನೂ ಮಾರಿ ಕಿವುಚಿಕೊಂಡೇ ಕುಂತಾನ. ಮೊದಲು ಅವಗ ಬೆಲ್ಲ ಹಾಕಿ ಕೊಡು."

ಮೊದಲು ನಕ್ಕವಳು ಅವಳೇ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಮಗ ಗಡಿಗೆ ಹಿಡಿದ, ಅವಳು ಬೆಲ್ಲದ ನೀರು ಸುರಿದಳು. ಇನ್ನೊಮ್ಮೆ ಎಡೆ ಹಿಡಿದೆವು.

ಎದುರು ಮನೆಯಾಕಿ ಬಂದು, ಎರಡು ಗ್ಲಾಸು ಕುಡಿದು, "ಈ ಸರ್ತಿ ಹುಳಿ ಸ್ವಲ್ಪ ಮುಂದದ, ಚಲೋ ಅನಸ್ತದ. ಯಾರ್ ಮಾಡ್ಯಾರ?" ಎಂದಳು.

"ನಾನ್ರಿ," ಎಂದಳು ಸೊಸೆ, ನಾನು ಬಾಯಿ ತೆರೆಯುವುದಕ್ಕೂ ಮೊದಲೇ. "ಹುಳಿ ಹ್ಯಾಂಗ್ ಮುಂದ ಬಂತು ಅಂತ ನಮ್ಮ ಮಾವಾರಿಗೆ ಕೇಳ್ರಿ."

ಗಡಿಗೆ ಬರಿದಾದ ಮೇಲೆ ನಾವು ಊಟಕ್ಕೆ ಕೂತೆವು. ಹೋಳಿಗೆ, ತುಪ್ಪ, ಭಜಿ, ಅನ್ನ, ನಿಂಬೆಹಣ್ಣು ಹಿಂಡಿ ಮಾಡಿದ ಕಟ್ಟಿನ ಸಾರು. ನಾನು ತಾಟು ತೊಳೆದು ಬರುವಷ್ಟರಲ್ಲಿ ಪಡಸಾಲೆಯಲ್ಲಿ, ಯಜಮಾನರು ಟಿವಿ ನೋಡುತ್ತ ಕೂತಿರುವಾಗಲೇ, ಚಾಪೆಯ ಮೇಲೆ ಕಾಲು ಚಾಚಿ ಎಲ್ಲರಿಗಿಂತ ಮೊದಲು ಸೊಸೆ ಮಲಗಿಬಿಟ್ಟಿದ್ದಳು. ಅವರು ಟಿವಿಯ ದನಿ ಸಣ್ಣದು ಮಾಡಿದರು.