ಜಿಯಾವುಲ್ಲಾ ಹೇಳಿದ ಹೊತ್ತು

೧೯೮೨ರ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ, ಯಲಹಂಕದ ಹಳೇ ಪೇಟೆಯ ತನ್ನ ಮನೆಯ ತಾರಸಿಯ ಮೇಲೆ ನಿಂತು ಜಿಯಾವುಲ್ಲಾ ಒಂದು ಬೂದು ಪಾರಿವಾಳವನ್ನು ಎರಡೂ ಕೈಯಿಂದ ಮೇಲಕ್ಕೆ ಹಾರಿಬಿಟ್ಟ. ಅದು ಸುತ್ತು ಹಾಕುತ್ತ, ಏರುತ್ತ ಏರುತ್ತ ಸಾಸಿವೆ ಕಾಳಿನಷ್ಟಾಯಿತು. ಹೆಚ್ಚು ಹೊತ್ತು ಆಕಾಶದಲ್ಲಿದ್ದು ತನ್ನ ತಾರಸಿಗೇ ಇಳಿಯುವ ಹಕ್ಕಿಗೆ ಪಂದ್ಯದ ಕಪ್. ಮೋಸವಾಗದಂತೆ ಎದುರು ಪಕ್ಷದವರೊಬ್ಬರು ಬಂದು ಕಾವಲು ಕೂರುವುದು ಪದ್ಧತಿ. ಆ ದಿನ ಶೆಟ್ಟಿಹಳ್ಳಿಯಿಂದ ಬಂದು ಕೂತಿದ್ದವರು ಮುನಿವೆಂಕಟಯ್ಯ. ಅವರ ಊರಿನ ಹಕ್ಕಿ ಹಿಂದಿನ ಭಾನುವಾರವೇ ಎಂಟು ಗಂಟೆ ಹತ್ತು ನಿಮಿಷ ಹಾರಿತ್ತು.

ನಲವತ್ತು ದಾಟಿದ ಜಿಯಾವುಲ್ಲಾನಿಗೆ ಈ ಹವ್ಯಾಸ ಹೊಸದು. ಯಶವಂತಪುರದಲ್ಲಿ ಹೆಂಡತಿಯ ಅಣ್ಣ ಖಾದರ್ ಬಾಷಾನ ಮರದ ಡಿಪೋದಲ್ಲಿ ಅವನಿಗೆ ಕೆಲಸ. ಗಿರಾಕಿಗಳು ಮರ ಒಣಗಿದೆಯೇ ಎಂದು ಕೇಳಿದರೆ ಖಾದರ್ ಬಾಷಾ ಇವನ ಮುಖ ನೋಡುತ್ತಿದ್ದ. ಹಸಿ ಮರವಾದರೂ ಇವನು ಒಣಗಿದೆ ಎನ್ನುತ್ತಿದ್ದ. ಬೇಸಿಗೆಯಲ್ಲಿ ಯಾರದಾದರೂ ಬಾಗಿಲು ಸೊಟ್ಟಗಾಯಿತೆಂದು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಔಷಧಿ ಬರೆದುಕೊಟ್ಟ ಡಾಕ್ಟರು, ಡಿಪೋ ಬಿಟ್ಟು ಬೇರೆ ಯಾವುದಕ್ಕಾದರೂ ಮನಸ್ಸು ಕೊಡಿ ಎಂದರು. ಪಕ್ಕದ ಬೀದಿಯ ಪಿಳ್ಳಣ್ಣ ಎರಡು ಜೊತೆ ಪಾರಿವಾಳ ಕೊಟ್ಟ.

ಮೊದಲ ವರ್ಷವೇ ಒಂದು ಪೆಟ್ಟು ಬಿತ್ತು. ನೋಡಲು ಬಂದವರು ಹೊಗಳಿದರೆಂದು, ಗರಿ ಇನ್ನೂ ಬಲಿಯದ ಹಕ್ಕಿಯೊಂದನ್ನು ಹಾರಿಸಿಬಿಟ್ಟ. ಬಲಿತಿಲ್ಲವೆಂದು ಅವನಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಬಂದ ಗಿಡುಗ ಅದನ್ನು ಕಣ್ಣೆದುರೇ ಎತ್ತಿಕೊಂಡು ಹೋಯಿತು. ಅಂದಿನಿಂದ ತಾರಸಿಯ ಮೇಲೆ ಅವನ ಮಾತು ನೇರವಾಯಿತು. ಪಿಳ್ಳಣ್ಣನ ಮುದ್ದಿನ ಹಕ್ಕಿಯನ್ನೇ ಒಮ್ಮೆ, ಇದಕ್ಕೆ ಕೊಬ್ಬು ಬಂದಿದೆ, ಹಾರುವುದಿಲ್ಲ ಎಂದುಬಿಟ್ಟ. “ನಿನಗಿಂತ ನನ್ನ ಹೆಂಡ್ತಿ ವಾಸಿ ಕಣಯ್ಯ, ಅವಳು ನನಗೊಬ್ಬನಿಗೇ ಹಂಗಂತಾಳೆ,” ಎಂದ ಪಿಳ್ಳಣ್ಣ ನಕ್ಕು. ತಾರಸಿಯಲ್ಲಿದ್ದಷ್ಟು ಹೊತ್ತು ಹೊಟ್ಟೆಯ ಉರಿ ಹತ್ತಿರ ಸುಳಿಯುತ್ತಿರಲಿಲ್ಲ. ಮೆಟ್ಟಿಲಿಳಿದು ಡಿಪೋಗೆ ಹೋದರೆ ಮತ್ತೆ ಹಳೆಯ ನಾಲಗೆ.

ಪಂದ್ಯದ ಮಧ್ಯಾಹ್ನ, ಜಿಯಾವುಲ್ಲಾನ ಹೆಂಡತಿ ನಜ್ಮುನ್ನೀಸಾ ಬಡಿಸಿದ ಪಲಾವು ಉಂಡ ಮುನಿವೆಂಕಟಯ್ಯ ನೀರಿನ ತೊಟ್ಟಿಗೆ ಒರಗಿ ನಿದ್ದೆಹೋದರು. ಎರಡಕ್ಕೆ ಹತ್ತು ನಿಮಿಷ ಇರುವಾಗ ಬೂದು ಹಕ್ಕಿ ಸದ್ದಿಲ್ಲದೆ ಗೂಡಿನ ಮೇಲೆ ಇಳಿಯಿತು. ಪಂದ್ಯ ನೋಡಲು ಬಂದಿದ್ದ ಖಾದರ್ ಬಾಷಾ ಜಿಯಾವುಲ್ಲಾನ ತೋಳು ಹಿಡಿದ.

“ಎಬ್ಬಿಸ್ಬೇಡ ಮಿಯಾ. ಅರ್ಧ ಗಂಟೆ ಬಿಟ್ಟು, ಈಗ ತಾನೇ ಇಳೀತು ಅನ್ನು. ನಿನ್ನ ಬಾಯಿಂದ ಬಂದ್ರೆ ಜನ ನಂಬ್ತಾರೆ.”

ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು, ಅದೂ ತಾರಸಿಯ ಮೇಲೆ. ಇಲ್ಲೂ ಸುಳ್ಳಾಡಿದರೆ ನಿಜ ಹೇಳಲು ತನಗೆ ಇನ್ನು ಜಾಗವೇ ಉಳಿಯುವುದಿಲ್ಲ ಎಂದು ಜಿಯಾವುಲ್ಲಾನಿಗೆ ಅನ್ನಿಸಿತು.

“ಭಾಯ್, ಡಿಪೋದಲ್ಲಿ ನೀವು ಹೇಳಿಸಿದ್ದೆಲ್ಲ ಹೇಳಿದೀನಿ. ಇಲ್ಲಿ ಆಗಲ್ಲ.”

ಹೋಗಿ ಮುನಿವೆಂಕಟಯ್ಯನ ಭುಜ ಅಲುಗಾಡಿಸಿದ. ಅವರು ಕಣ್ಣುಜ್ಜಿಕೊಂಡು ಏಳುತ್ತಿದ್ದಂತೆ, ಹಕ್ಕಿ ಹಾರಿದ ಹೊತ್ತನ್ನು ಬೀದಿಗೂ ಕೇಳುವಷ್ಟು ಗಟ್ಟಿಯಾಗಿ, ಇದ್ದದ್ದು ಇದ್ದ ಹಾಗೆ ಹೇಳಿದ.

ಕಪ್ ಶೆಟ್ಟಿಹಳ್ಳಿಗೆ ಹೋಯಿತು. ಅದನ್ನು ಕೈಗೆ ತೆಗೆದುಕೊಳ್ಳುವಾಗ ಮುನಿವೆಂಕಟಯ್ಯ ನೆರೆದವರಿಗೆಲ್ಲ ಕೇಳುವಂತೆ ಅಂದರು: “ನಾನು ಗೊರಕೆ ಹೊಡೀತಿದ್ದೆ ಕಣ್ರಪ್ಪ. ಇಂಗೆ ಎಬ್ಬಿಸಿ ಸೋತೋರ್ನ ನಾನು ಕಂಡಿಲ್ಲ. ಮುಂದಿನ ಸಲ ಈ ಸಾಬ್ರ ಮನೆಗೆ ಕಾವಲು ಬೇಡ.”

ಸೋಮವಾರ ಡಿಪೋದಲ್ಲಿ ಗಿರಾಕಿಯೊಬ್ಬರಿಗೆ ಜಿಯಾವುಲ್ಲಾ, ಈ ಮರ ಹಸಿ, ದಸರಾ ಕಳೆದ ಮೇಲೆ ಬನ್ನಿ ಎಂದ. ಖಾದರ್ ಬಾಷಾ ವಾರವಿಡೀ ಮಾತು ಬಿಟ್ಟ. ಆದರೆ ಮಳೆಗಾಲ ಕಳೆಯುವ ಹೊತ್ತಿಗೆ ಬಡಗಿಗಳು ಜಿಯಾವುಲ್ಲಾನೇ ಮರ ಆರಿಸಿಕೊಡಲಿ ಎಂದು ಹಟ ಹಿಡಿದು ಬರತೊಡಗಿದರು. ಗೊಣಗುತ್ತಲೇ ಖಾದರ್ ಬಾಷಾ ಎಲ್ಲರನ್ನೂ ಅವನ ಬಳಿಗೇ ಕಳಿಸಿದ. ಹೊಟ್ಟೆಯ ಔಷಧಿಯ ಖಾಲಿ ಸೀಸೆಯಲ್ಲಿ ನಜ್ಮುನ್ನೀಸಾ ತಲೆಗೆ ಹಚ್ಚುವ ಎಣ್ಣೆ ತುಂಬಿಟ್ಟಳು.

ಮರು ವರ್ಷ ಕಾವಲಿಲ್ಲದ ತಾರಸಿಯಿಂದ ಅದೇ ಬೂದು ಹಕ್ಕಿ ಹಾರಿ ಕಪ್ ಗೆದ್ದಿತು. ಜಿಯಾವುಲ್ಲಾ ಹೇಳಿದ ಹೊತ್ತನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಖಾದರ್ ಬಾಷಾ ಕಪ್ಪನ್ನು ತಲೆಯ ಮೇಲೆ ಹೊತ್ತು ಪೇಟೆ ಬೀದಿಯಲ್ಲಿ ನಡೆದ. ಅಂದು ಹಕ್ಕಿ ಎಷ್ಟು ಹೊತ್ತು ಹಾರಿತೆಂಬುದು ಈಗ ಪಿಳ್ಳಣ್ಣನಿಗೂ ನೆನಪಿಲ್ಲ. ಹಿಂದಿನ ವರ್ಷ ಸೋತಾಗ ತಾರಸಿಯಿಂದ ಕೇಳಿಬಂದದ್ದು ಮಾತ್ರ ಇಡೀ ಬೀದಿಗೆ ಬಾಯಿಪಾಠ: “ಏಳು ಗಂಟೆ ಐವತ್ತು ನಿಮಿಷ.”